ಕಿರೀಟ ಒಂದು ವರ್ಷಕ್ಕೆ, ಧಾರಾವಾಹಿ ದಿನಾ

ಪೋಲೆಂಡಿನ ದಕ್ಷಿಣಕ್ಕೆ, ಬೆಟ್ಟಗಳ ನಡುವೆ ಕ್ರಿನಿತ್ಸಾ ಎಂಬ ಸಣ್ಣ ಊರಿದೆ. ಖನಿಜಯುಕ್ತ ನೀರಿನ ಬುಗ್ಗೆಗಳಿಗೆ ಹೆಸರಾದ ಜಾಗ. ಅದಕ್ಕೂ ನಮ್ಮ ಮೂಡುಬಿದಿರೆ ಸೀಮೆಗೂ ಇರುವ ನಂಟು ಎರಡು ಕಿರೀಟಗಳದ್ದು. 2014ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಮಿಸ್ ಸುಪ್ರನ್ಯಾಷನಲ್ ಸ್ಪರ್ಧೆಯನ್ನು ಗೆದ್ದವರು ಭದ್ರಾವತಿಯ ಆಶಾ ಭಟ್. ಪಿಯುಸಿ ಓದಿದ್ದು ಮೂಡುಬಿದಿರೆಯ ಆಳ್ವಾಸ್‌ನಲ್ಲಿ, ಇಂಜಿನಿಯರಿಂಗ್ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ. ಆ ಪಟ್ಟ ಭಾರತಕ್ಕೆ ಸಿಕ್ಕಿದ್ದು ಅದೇ ಮೊದಲು. ಎರಡು ವರ್ಷ ಕಳೆದು ಅದೇ ಊರಿನಲ್ಲಿ, ಅದೇ ಸ್ಪರ್ಧೆಯಲ್ಲಿ ಗೆದ್ದವರು ಶ್ರೀನಿಧಿ ಶೆಟ್ಟಿ. ತಾಯಿಯ ಕಡೆಯಿಂದ ಕಿನ್ನಿಗೋಳಿಯ ತಾಳಿಪಾಡಿ ಗುತ್ತಿನವರು. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಮಾಡುತ್ತಿದ್ದದ್ದು ಆಕ್ಸೆಂಚರ್ ಕಂಪನಿಯಲ್ಲಿ ಕೆಲಸ.

ಇಂಥ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜು ಹುಡುಗಿಯರಲ್ಲಿ ಒಂದು ಆಸೆ ಮೊಳೆಯುವುದು ಸಹಜ. ಕಿರೀಟ ಸಿಕ್ಕಿದರೆ ನಟನೆಯ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ಲೆಕ್ಕಾಚಾರವೂ ಸಹಜವೇ. ಆದರೆ ಲೆಕ್ಕ ಅಷ್ಟು ಸಲೀಸಲ್ಲ. ಸೌಂದರ್ಯ ಸ್ಪರ್ಧೆಗಳ ಚರಿತ್ರೆಯನ್ನು ತುಸು ಹಿಂದಕ್ಕೆ ತಿರುಗಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗೆದ್ದವರು ಹಿರಿತೆರೆಗೆ ಹೋಗುತ್ತಾರೆ, ಅಥವಾ ಹೋಗಲು ನೋಡುತ್ತಾರೆ. ಗೆಲುವಿನ ಹತ್ತಿರ ಬಂದು ನಿಂತವರಲ್ಲಿ ಕೆಲವರು ಕಿರುತೆರೆಗೆ ಹೋಗುತ್ತಾರೆ. ಮನೆಮನೆಯಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವವರು ಹೆಚ್ಚಾಗಿ ಈ ಎರಡನೆಯವರು.

ಇದನ್ನು ಅರ್ಥ ಮಾಡಿಕೊಳ್ಳಲು ಎರಿಕಾ ಫರ್ನಾಂಡಿಸ್ ಅವರ ವೃತ್ತಿಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅವರು ಹುಟ್ಟಿದ್ದು 1993ರಲ್ಲಿ, ಮುಂಬೈಯಲ್ಲಿ, ಮಂಗಳೂರು ಮೂಲದ ಕೊಂಕಣಿ ಕ್ರೈಸ್ತ ಕುಟುಂಬದಲ್ಲಿ. ಮೊಡಂಕಾಪು, ಅಗ್ರಾರ್, ಅಲಂಗಾರು ಚರ್ಚುಗಳ ಸುತ್ತಲಿನ ಮನೆಗಳಿಗೆ ಮುಂಬೈ ದೂರದ ಊರಲ್ಲ. ಒಬ್ಬ ಚಿಕ್ಕಪ್ಪನೋ ಒಬ್ಬಳು ದೊಡ್ಡಮ್ಮನೋ ಅಲ್ಲಿ ಇದ್ದೇ ಇರುತ್ತಾರೆ. ಬಂಟರಿಗೆ, ಬಿಲ್ಲವರಿಗೆ, ಮೊಗವೀರರಿಗೆ ಹೋಟೆಲು, ನೌಕರಿಗಳ ಮೂಲಕ ಮುಂಬೈ ಹೇಗೆ ಎರಡನೆಯ ಊರಾಯಿತೋ ಮಂಗಳೂರಿನ ಕ್ರೈಸ್ತರಿಗೂ ಹಾಗೇ ಆಯಿತು. ಕರಾವಳಿ ಮೂಲದ ಹೆಣ್ಣುಮಕ್ಕಳ ಹೆಸರು ಸೌಂದರ್ಯ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರ ಹಿಂದೆ ಈ ಮುಂಬೈ ನಂಟಿನ ಪಾಲು ದೊಡ್ಡದು. ಮಂಗಳೂರಿನಲ್ಲಿ ಹುಟ್ಟಿ 1994ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈ ಬೆಳೆದದ್ದು ಮುಂಬೈಯಲ್ಲಿ. 2022ರಲ್ಲಿ ಕರ್ನಾಟಕದ ಪ್ರತಿನಿಧಿಯಾಗಿ ಫೆಮಿನಾ ಮಿಸ್ ಇಂಡಿಯಾ ಗೆದ್ದ ಸಿನಿ ಶೆಟ್ಟಿ ಹುಟ್ಟಿದ್ದೂ ಅಲ್ಲೇ. ಸ್ಪರ್ಧೆಯ ಕಚೇರಿ, ಛಾಯಾಗ್ರಾಹಕರು, ಜಾಹೀರಾತು ಸಂಸ್ಥೆಗಳು, ವಿನ್ಯಾಸಕಾರರು ಎಲ್ಲ ಆ ಊರಿನಲ್ಲಿರುವಾಗ ಅಲ್ಲಿನ ಹುಡುಗಿಗೆ ಒಂದು ಲೋಕಲ್ ರೈಲಿನ ಟಿಕೆಟ್ ಸಾಕು. ವೇಣೂರಿನ ಹುಡುಗಿಗೆ ಅದೇ ಆಡಿಶನ್ ಒಂದು ಪ್ರವಾಸದ ಖರ್ಚು.

ಎರಿಕಾ 2010ರಲ್ಲಿ ಫೆಮಿನಾದ 'ಫ್ರೆಶ್ ಫೇಸ್' ಪ್ರಶಸ್ತಿ ಪಡೆದರು. 2011ರಲ್ಲಿ ಫೆಮಿನಾ ಮಿಸ್ ಮಹಾರಾಷ್ಟ್ರ ಆದರು. 2012ರ ಮಿಸ್ ಇಂಡಿಯಾ ಸ್ಪರ್ಧೆಯ ಅಂತಿಮ ಹಂತಕ್ಕೂ ಹೋದರು. ಪದವಿ ಓದನ್ನು ಅರ್ಧಕ್ಕೆ ಬಿಟ್ಟು ಮಾಡೆಲಿಂಗ್ ಹಿಡಿದಿದ್ದರು. 2012ರ ಕಿರೀಟ ಸಿಕ್ಕಿದ್ದು ವನ್ಯಾ ಮಿಶ್ರಾ ಅವರಿಗೆ. ಇಂದು ವನ್ಯಾ ಎಂದರೆ ಯಾರೆಂದು ನೆನಪಿಸಿಕೊಳ್ಳುವವರು ಸ್ಪರ್ಧೆಗಳನ್ನೇ ಹಿಂಬಾಲಿಸುವ ಒಂದು ಗುಂಪಿನವರು ಮಾತ್ರ. ಎರಿಕಾ ಹೆಸರು ಹಿಂದಿ ಧಾರಾವಾಹಿ ನೋಡುವ ಯಾವ ಮನೆಯಲ್ಲೂ ಗೊತ್ತು.

ಅಲ್ಲಿಗೆ ತಲುಪುವ ಮುನ್ನ ಅವರು ಸುತ್ತಿದ ದಾರಿ ಸಣ್ಣದಲ್ಲ. 2013ರಲ್ಲಿ ತಮಿಳಿನ 'ಐಂದು ಐಂದು ಐಂದು' ಬಂತು. 2014ರಲ್ಲಿ ಪುನೀತ್ ರಾಜ್‌ಕುಮಾರ್ ಜೊತೆ ಕನ್ನಡದ 'ನಿನ್ನಿಂದಲೇ', ಅದೇ ವರ್ಷ ತೆಲುಗಿನ 'ಗಾಲಿಪಟಂ', 2015ರಲ್ಲಿ ಗಣೇಶ್ ಜೊತೆ 'ಬುಗುರಿ'. ಮೂರು ವರ್ಷಗಳಲ್ಲಿ ಮೂರು ದಕ್ಷಿಣ ಭಾಷೆಗಳಲ್ಲಿ ನಾಯಕಿ. ದೊಡ್ಡ ನಾಯಕರ ಎದುರಿಗೆ ನಿಂತರೂ ಯಾವ ಭಾಷೆಯಲ್ಲೂ ಅವರು ನೆಲೆ ನಿಲ್ಲಲಿಲ್ಲ. ಆ ದಿನಗಳ ಬಗ್ಗೆ ಅವರೇ ಮುಂದೆ ಸಂದರ್ಶನವೊಂದರಲ್ಲಿ ಹೇಳಿಕೊಂಡ ಒಂದು ಮಾತು ಗಮನಿಸುವಂಥದ್ದು. ತೆಳ್ಳಗಿದ್ದಾರೆಂದು ಉಡುಪಿನ ಒಳಗೆ ಪ್ಯಾಡ್ ತುಂಬಿಸಿ ಅವರನ್ನು ಕ್ಯಾಮೆರಾ ಮುಂದೆ ನಿಲ್ಲಿಸುತ್ತಿದ್ದರಂತೆ. ಯಾವ ಮೈಕಟ್ಟಿಗೆ ಸ್ಪರ್ಧೆಯ ವೇದಿಕೆಯಲ್ಲಿ ಅಂಕ ಬಿತ್ತೋ ಅದೇ ಮೈಕಟ್ಟು ಸಿನಿಮಾದವರಿಗೆ ಕೊರತೆಯಾಗಿ ಕಂಡಿತು. ಸ್ಪರ್ಧೆಯ ಅಳತೆಗೋಲು ಬೇರೆ, ಸಿನಿಮಾದ್ದು ಬೇರೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

2016ರ ಫೆಬ್ರವರಿ ಕೊನೆಗೆ ಸೋನಿ ವಾಹಿನಿಯಲ್ಲಿ 'ಕುಛ್ ರಂಗ್ ಪ್ಯಾರ್ ಕೆ ಐಸೆ ಭಿ' ಶುರುವಾಯಿತು. ಡಾ. ಸೊನಾಕ್ಷಿ ಬೋಸ್ ಎಂಬ ಆಹಾರತಜ್ಞೆಯ ಪಾತ್ರ ಎರಿಕಾ ಅವರದ್ದು. ತಾಯಿಯ ಮಾತು ಮೀರದ ಉದ್ಯಮಿ ಮಗ ದೇವ್ ಆಗಿ ಶಹೀರ್ ಶೇಖ್, ತಾಯಿಯಾಗಿ ಸುಪ್ರಿಯಾ ಪಿಳಗಾಂವ್ಕರ್. ಅತ್ತೆ ಇಲ್ಲಿ ವಿಷ ಬೆರೆಸುವವಳಲ್ಲ, ಮಗನನ್ನು ಬಿಟ್ಟುಕೊಡಲಾರದವಳು. ಸೊಸೆಯೂ ಅಡುಗೆಮನೆಯಲ್ಲಿ ಕಣ್ಣೀರು ಒರೆಸಿಕೊಳ್ಳುವವಳಲ್ಲ, ತನ್ನ ವೃತ್ತಿಯನ್ನು ಬಿಡದವಳು. ಮುಗಿದ ಧಾರಾವಾಹಿಯನ್ನು ಮತ್ತೆ ತನ್ನಿ ಎಂದು ನೋಡುಗರೇ ಒತ್ತಾಯಿಸಿ 2017ರಲ್ಲಿ ಅದರ ಎರಡನೆಯ ಸರಣಿ ಬರುವಂತಾಯಿತು. 2018ರ ಸೆಪ್ಟೆಂಬರಿನಲ್ಲಿ ಏಕ್ತಾ ಕಪೂರ್ ತಮ್ಮ ಹಳೆಯ 'ಕಸೌಟಿ ಜಿಂದಗೀ ಕೆ'ಯನ್ನು ಹೊಸದಾಗಿ ಕಟ್ಟಿದಾಗ ಪ್ರೇರಣಾ ಪಾತ್ರ ಎರಿಕಾಗೆ ಬಂತು. 2001ರಲ್ಲಿ ಶ್ವೇತಾ ತಿವಾರಿ ಮಾಡಿ ಮನೆಮಾತಾಗಿಸಿದ್ದ ಪಾತ್ರ ಅದು. ಹಳಬರ ನೆನಪಿನ ಜೊತೆ ದಿನವೂ ಹೋಲಿಕೆಗೆ ಸಿಕ್ಕಿಕೊಂಡು ಎರಡು ವರ್ಷ ನಡೆಸುವುದು ಸಣ್ಣ ಕೆಲಸವಲ್ಲ. 2020ರ ಲಾಕ್‌ಡೌನ್ ನಡುವೆ ಶೂಟಿಂಗ್ ನಿಂತು, ಮತ್ತೆ ಶುರುವಾಗಿ, ಅಕ್ಟೋಬರಿನಲ್ಲಿ ಅದು ಮುಗಿಯಿತು.

2021ರಲ್ಲಿ 'ಕುಛ್ ರಂಗ್'ನ ಮೂರನೆಯ ಸರಣಿ ಬಂತು. ಆ ವರ್ಷವೇ ಎರಿಕಾ ಅದರಿಂದ ಹೊರಗೆ ಬಂದರು. ಸ್ವಂತ ಕಾಲ ಮೇಲೆ ನಿಂತ ಸೊನಾಕ್ಷಿಯನ್ನು ದುರ್ಬಲಳನ್ನಾಗಿ, ಗೊಂದಲದವಳನ್ನಾಗಿ ತೋರಿಸುತ್ತಿದ್ದಾರೆ ಎಂಬುದು ಅವರ ಬಹಿರಂಗ ಆಕ್ಷೇಪವಾಗಿತ್ತು. ಧಾರಾವಾಹಿಯ ನಟಿ ಪಾತ್ರದ ಮರ್ಯಾದೆಗಾಗಿ ಕೆಲಸ ಬಿಡುವುದು ನಮ್ಮಲ್ಲಿ ಅಪರೂಪ. ಬಿಡುವ ಶಕ್ತಿ ಅವರಿಗೆ ಬಂದದ್ದು 2011ರ ಕಿರೀಟದಿಂದಲ್ಲ, ಅಷ್ಟು ವರ್ಷ ದಿನವೂ ತೆರೆಯ ಮೇಲೆ ಬಂದು ಗಳಿಸಿದ ನೋಡುಗರಿಂದ. ಆಮೇಲೆ ಅವರು ದುಬೈಯಲ್ಲಿ ನೆಲೆಸಿದರು.

ಈ ಹಾದಿಯಲ್ಲಿ ನಡೆದವರು ಎರಿಕಾ ಒಬ್ಬರೇ ಅಲ್ಲ. 1998ರ ಮಿಸ್ ಇಂಡಿಯಾ ಸ್ಪರ್ಧೆಯಲ್ಲಿ ಭಾಗವಹಿಸಿ ಕಿರೀಟ ಪಡೆಯದೆ ಮರಳಿದ ಹುಡುಗಿಯೊಬ್ಬರು 2000ದ ಜುಲೈಯಲ್ಲಿ 'ಕ್ಯೋಂಕಿ ಸಾಸ್ ಭಿ ಕಭಿ ಬಹೂ ಥಿ'ಯ ತುಳಸಿಯಾದರು. ಅವರೇ ಸ್ಮೃತಿ ಇರಾನಿ. ಆ ಸೊಸೆಯ ಖ್ಯಾತಿ ಅವರನ್ನು ರಾಜಕೀಯಕ್ಕೂ ಅಲ್ಲಿಂದ ಕೇಂದ್ರ ಸಂಪುಟಕ್ಕೂ ಕೊಂಡೊಯ್ದಿತು. 1999ರಲ್ಲಿ ಮಿಸ್ ರಾಜಸ್ಥಾನ್ ಆದ ಜೂಹಿ ಪರ್ಮಾರ್ ಮುಂದೆ 'ಕುಂಕುಮ್' ಧಾರಾವಾಹಿಯನ್ನು ವರ್ಷಗಟ್ಟಲೆ ಹೊತ್ತು ನಡೆಸಿದರು. ಕಿರುತೆರೆಗೆ ಬೇಕಾದದ್ದು ಜಗತ್ತನ್ನು ಬೆರಗುಗೊಳಿಸುವ ರೂಪವಲ್ಲ, ನಮ್ಮ ಮನೆಗೆ ಸೊಸೆಯಾಗಿ ಬರಬಹುದು ಎಂದು ಅಜ್ಜಿಗೆ ಅನ್ನಿಸುವ ಮುಖ.

ಸ್ಪರ್ಧೆಯಲ್ಲಿ ಕಲಿಸುವುದಾದರೂ ಏನು? ಮುಂಬೈಯಲ್ಲಿ ಕೆಲವು ವಾರಗಳ ತರಬೇತಿ ಇರುತ್ತದೆ. ಹೈಹೀಲ್ಸ್ ಹಾಕಿಕೊಂಡು ರ‍್ಯಾಂಪ್ ಮೇಲೆ ನಡೆಯುವುದು, ಗೌನಿನ ಅಂಚು ಕಾಲಿಗೆ ಸಿಕ್ಕದಂತೆ ತಿರುಗುವುದು, ಮೈಕ್ ಹಿಡಿದು ಅರ್ಧ ನಿಮಿಷದಲ್ಲಿ ಹೆದರದೆ ಉತ್ತರ ಹೇಳುವುದು, ಕ್ಯಾಮೆರಾ ಎಲ್ಲಿದೆ ಎಂದು ಕಣ್ಣಂಚಿನಲ್ಲೇ ತಿಳಿದುಕೊಳ್ಳುವುದು. ಕೀಳಾದ ವಿದ್ಯೆಯೇನಲ್ಲ ಇದು. ಹಳ್ಳಿಯಿಂದ ಬಂದ ಹುಡುಗಿಗೆ ಸಭೆಯ ನಡುವೆ ತಲೆಯೆತ್ತಿ ನಿಲ್ಲುವ ಧೈರ್ಯ ಇದರಿಂದ ಬರುತ್ತದೆ. ಆದರೆ ಇಲ್ಲಿ ನಗುವುದನ್ನು ಹೇಳಿಕೊಡುತ್ತಾರೆ, ಅಳುವುದನ್ನಲ್ಲ. ಅಳು ಬರದವಳಿಗೆ ಧಾರಾವಾಹಿಯಲ್ಲಿ ಒಂದು ವಾರವೂ ಕಷ್ಟ.

ಧಾರಾವಾಹಿಯ ಒಂದು ಸಣ್ಣ ದೃಶ್ಯವನ್ನೇ ತೆಗೆದುಕೊಳ್ಳಿ. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಾಳೆ, ಕೈಯಲ್ಲಿ ಕಾಫಿ ಲೋಟಗಳ ತಟ್ಟೆ. ಹಾಲ್‌ನಲ್ಲಿ ಅತ್ತೆ ಯಾರ ಜೊತೆಗೋ ಅವಳ ತವರಿನ ಬಗ್ಗೆ ಒಂದು ಮಾತು ಆಡುತ್ತಾರೆ. ಟಿವಿಯಲ್ಲಿ ಇದು ಅರ್ಧ ನಿಮಿಷ. ಸೆಟ್ಟಿನಲ್ಲಿ ಮೊದಲು ಇಡೀ ದೃಶ್ಯವನ್ನು ದೂರದಿಂದ ತೆಗೆಯುತ್ತಾರೆ. ಆಮೇಲೆ ಅತ್ತೆಯ ಕ್ಲೋಸಪ್, ಆಮೇಲೆ ಸೊಸೆಯದ್ದು, ಆಮೇಲೆ ತಟ್ಟೆ ಹಿಡಿದ ಕೈಯದ್ದು. ಸೊಸೆಯ ಕ್ಲೋಸಪ್ ತೆಗೆಯುವಾಗ ಅತ್ತೆಯ ಪಾತ್ರಧಾರಿ ಊಟಕ್ಕೆ ಹೋಗಿರಬಹುದು. ಸಹಾಯಕ ನಿರ್ದೇಶಕನೊಬ್ಬ ಕ್ಯಾಮೆರಾದ ಪಕ್ಕ ನಿಂತು, ಹಾಳೆ ನೋಡಿಕೊಂಡು, ಅತ್ತೆಯ ಮಾತನ್ನು ಪಾಠ ಒಪ್ಪಿಸಿದಂತೆ ಓದುತ್ತಾನೆ. ಆ ಓದಿಗೆ ಈಕೆಯ ಕಣ್ಣು ತುಂಬಬೇಕು. ತಟ್ಟೆ ಮೊದಲಿದ್ದ ಎತ್ತರದಲ್ಲೇ ಇರಬೇಕು, ಸೆರಗಿನ ಮಡಿಕೆ ಮೊದಲಿನಂತೆಯೇ ಇರಬೇಕು, ಇಲ್ಲದಿದ್ದರೆ ಕಂಟಿನ್ಯುಟಿ ತಪ್ಪಿತು ಎಂದು ಮತ್ತೊಮ್ಮೆ. ಅದು ಮುಗಿದ ಕೂಡಲೇ ಸೀರೆ ಬದಲಿಸಿ ಮುಂದಿನ ವಾರದ ಮದುವೆ ದೃಶ್ಯ, ಅದು ಮುಗಿದರೆ ನಿನ್ನೆ ಉಳಿದಿದ್ದ ಆಸ್ಪತ್ರೆ ದೃಶ್ಯ. ಕಥೆಯ ಹಿಂದುಮುಂದು ತಲೆಯಲ್ಲಿ ಇಟ್ಟುಕೊಂಡು ಅಳಬೇಕು, ನಗಬೇಕು, ಬೆಚ್ಚಬೇಕು.

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆ. ವಾರಕ್ಕೆ ಐದು ಕಂತಾದರೂ ವರ್ಷಕ್ಕೆ 260, ಆರಾದರೆ 312. ಸಿನಿಮಾದವರು ತಿಂಗಳುಗಟ್ಟಲೆ ತೆಗೆಯುವಷ್ಟು ಉದ್ದದ ದೃಶ್ಯಗಳನ್ನು ಧಾರಾವಾಹಿಯವರು ವಾರದೊಳಗೆ ಮುಗಿಸಬೇಕು. ಹಬ್ಬ, ಕಾಯಿಲೆ, ಮಳೆ ಏನೇ ಬಂದರೂ ಪ್ರಸಾರ ನಿಲ್ಲುವಂತಿಲ್ಲ. ಅದಕ್ಕಾಗಿ ಕೆಲವು ಕಂತುಗಳನ್ನು ಮೊದಲೇ ತೆಗೆದು ಇಟ್ಟುಕೊಳ್ಳುವುದಕ್ಕೆ ಬ್ಯಾಂಕಿಂಗ್ ಎನ್ನುತ್ತಾರೆ. ಬ್ಯಾಂಕ್ ಖಾಲಿಯಾದ ವಾರ ಇಂದು ತೆಗೆದದ್ದು ನಾಳೆ ಪ್ರಸಾರ, ಆಗ ಸೆಟ್ಟಿನಲ್ಲಿ ಹಗಲು ರಾತ್ರಿ ಒಂದೇ. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದರೆ ಕಥೆಯ ದಿಕ್ಕು ಬದಲು. ನಾಯಕಿಯ ನೆನಪು ಹೋಗಬಹುದು, ಅವಳಿಗೊಬ್ಬ ಅವಳಿ ತಂಗಿ ಹುಟ್ಟಬಹುದು, ಅವಳೇ ಸತ್ತುಹೋಗಲೂಬಹುದು. ಇವತ್ತಿನ ಪಾತ್ರ ಮುಂದಿನ ತಿಂಗಳು ಹೇಗಿರುತ್ತದೆಂದು ನಟಿಗೆ ಗೊತ್ತಿರುವುದಿಲ್ಲ. ಎರಿಕಾ ಆಕ್ಷೇಪ ಎತ್ತಿದ್ದು ಇಂಥದ್ದಕ್ಕೇ.

ಸಂಬಳದ ರೀತಿಯೂ ಬೇರೆ. ಕಿರುತೆರೆಯಲ್ಲಿ ಲೆಕ್ಕ ದಿನದ್ದು. ಎಷ್ಟು ದಿನ ಕಾಲ್‌ಶೀಟೋ ಅಷ್ಟು ದಿನದ ಹಣ. ಅದೂ ಕೂಡಲೇ ಕೈಗೆ ಬರುವುದಿಲ್ಲ. ಮುಂಬೈ ಕಿರುತೆರೆಯಲ್ಲಿ ದುಡಿದ 90 ದಿನಗಳ ಮೇಲೆ ಹಣ ಕೊಡುವ ಪದ್ಧತಿ ಹಳೆಯದು. 2020ರ ಲಾಕ್‌ಡೌನಿನಲ್ಲಿ ಕಲಾವಿದರ ಸಂಘ ಅದರ ವಿರುದ್ಧ ದನಿ ಎತ್ತಬೇಕಾಯಿತು.

ಹಾಗಾದರೆ ಗೆದ್ದವರ ಪಾಡು? ಶ್ರೀನಿಧಿಯವರ ಮೊದಲ ಚಿತ್ರ 'ಕೆಜಿಎಫ್' ತೆರೆಗೆ ಬಂದದ್ದು 2018ರ ಡಿಸೆಂಬರಿನಲ್ಲಿ, ಎರಡನೆಯದು 2022ರ ಏಪ್ರಿಲಿನಲ್ಲಿ. ಕಿರೀಟ ಸಿಕ್ಕಿದ ದಿನದಿಂದ ಐದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ತೆರೆಕಂಡದ್ದು ಒಂದೇ ಕಥೆಯ ಎರಡು ಭಾಗ. ಆಮೇಲೆ ತಮಿಳಿನ 'ಕೋಬ್ರಾ', ತೆಲುಗಿನ 'ಹಿಟ್ 3'. ಆಶಾ ಭಟ್ ಅವರ ಮೊದಲ ಚಿತ್ರ 'ಜಂಗ್ಲಿ' ಬಂದದ್ದು ಪಟ್ಟ ಸಿಕ್ಕಿ ನಾಲ್ಕು ವರ್ಷ ದಾಟಿದ ಮೇಲೆ, 2019ರಲ್ಲಿ. ಕನ್ನಡಕ್ಕೆ ಅವರು ಬಂದದ್ದು 2021ರ 'ರಾಬರ್ಟ್'ನಲ್ಲಿ. ಅವರ ಪ್ರತಿಭೆಯ ಅಳತೆ ಇದಲ್ಲ, ಆ ಕ್ಷೇತ್ರ ನಡೆಯುವ ರೀತಿ ಇದು. ಹಿರಿತೆರೆ ಕಾಯಿಸುತ್ತದೆ. ಕಾಯುವಷ್ಟು ದಿನ ಊಟಕ್ಕೆ, ಬಾಡಿಗೆಗೆ, ಉಡುಪಿಗೆ ಕೈಯಿಂದಲೇ ಹಾಕಬೇಕು. ಕಿರುತೆರೆ ಕಾಯಿಸುವುದಿಲ್ಲ, ದುಡಿಸುತ್ತದೆ. ಕಿರುತೆರೆಯಿಂದ ಸಿನಿಮಾಕ್ಕೆ ಹೋಗುವ ದಾರಿಯೂ ಮುಚ್ಚಿಲ್ಲ. 'ಹರ ಹರ ಮಹಾದೇವ' ಧಾರಾವಾಹಿಯಲ್ಲಿ ಸತಿಯಾಗಿದ್ದ ಸಂಗೀತಾ ಶೃಂಗೇರಿ 2022ರ '777 ಚಾರ್ಲಿ'ಯ ನಾಯಕಿಯಾದರು.

ಈ ಸೀಮೆ ಕನ್ನಡ ತೆರೆಗೆ ಕೊಟ್ಟ ದೊಡ್ಡ ನಟಿಗೆ ಯಾವ ಕಿರೀಟವೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಲೀಲಾವತಿ ಹುಟ್ಟಿದ್ದು ಬೆಳ್ತಂಗಡಿಯಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ನಾಟಕ ಕಂಪನಿ ಸೇರಿ, 1949ರ 'ನಾಗಕನ್ನಿಕಾ'ದಲ್ಲಿ ಸಣ್ಣ ಪಾತ್ರ ಮಾಡಿ, ನಾಯಕಿಯಾಗಲು 1958ರ 'ಮಾಂಗಲ್ಯ ಯೋಗ'ದವರೆಗೆ ಕಾದವರು. 1960ರಲ್ಲಿ 'ರಣಧೀರ ಕಂಠೀರವ', 'ರಾಣಿ ಹೊನ್ನಮ್ಮ'. 1969ರಲ್ಲಿ ಪುಟ್ಟಣ್ಣ ಕಣಗಾಲ್ 'ಗೆಜ್ಜೆಪೂಜೆ' ಮಾಡಿದಾಗ ಕಲ್ಪನಾ ಮಗಳು, ಲೀಲಾವತಿ ತಾಯಿ. ಇಬ್ಬರೂ ದಕ್ಷಿಣ ಕನ್ನಡ ಜಿಲ್ಲೆಯವರೇ. ಇಬ್ಬರ ವಯಸ್ಸಿನ ಅಂತರ ಹತ್ತು ವರ್ಷವೂ ಇರಲಿಲ್ಲ. ನಾಯಕಿಯ ಹೆಸರಿಗಾಗಿ ಪಟ್ಟು ಹಿಡಿದಿದ್ದರೆ ಲೀಲಾವತಿಯವರ ವೃತ್ತಿ ಅಲ್ಲಿಗೇ ನಿಲ್ಲುತ್ತಿತ್ತೇನೋ. ತಾಯಿಯ ಪಾತ್ರ ಒಪ್ಪಿಕೊಂಡರು, ಮುಂದೆ ದಶಕಗಟ್ಟಲೆ ನಟಿಸಿದರು. ಬಣ್ಣ ಹಚ್ಚಿ ಗಳಿಸಿದ ಹಣದಲ್ಲಿ ನೆಲಮಂಗಲ ಸಮೀಪದ ಸೋಲದೇವನಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡರು.

ಮುಖ ನೋಡಿ ಒಳಗೆ ಕರೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಉಳಿಸುವುದು ಮಾತ್ರ ಬೇರೆಯದು. ಆ ಬೇರೆಯದನ್ನು ಕಲಿಯಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಅನುಕೂಲಕ್ಕೆ ಕೊರತೆಯಿಲ್ಲ. ಮೂಡುಬಿದಿರೆಯಲ್ಲಿ ಮೋಹನ ಆಳ್ವರ ಸಂಸ್ಥೆ ಕಲೆಯಲ್ಲಿ, ಆಟದಲ್ಲಿ ಮುಂದಿರುವ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುತ್ತದೆ. ಯಕ್ಷಗಾನ, ನಾಟಕ, ನೃತ್ಯ ಅಲ್ಲಿ ತರಗತಿಯಷ್ಟೇ ಸಹಜ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಓದು, ಪಕ್ಕದ ಧರ್ಮಸ್ಥಳದಲ್ಲಿ ಮೇಳ. ಬಂಟ್ವಾಳದಲ್ಲಂತೂ ಜಾತ್ರೆ, ಕೋಲ, ನೇಮ, ಯಕ್ಷಗಾನ, ತುಳು ನಾಟಕ ನೋಡದೆ ಬೆಳೆದ ಮಗು ಸಿಗುವುದು ಕಷ್ಟ. ಸ್ತ್ರೀವೇಷವನ್ನು ಗಂಡಸರೇ ಮಾಡುತ್ತಿದ್ದ ಮೇಳಗಳ ಕಾಲದಿಂದಲೂ ಇಲ್ಲಿನ ಪ್ರೇಕ್ಷಕ ವೇಷದ ಚೆಂದ ನೋಡಿ ಸುಮ್ಮನಾದವನಲ್ಲ. ಮಾತು ಹೇಗೆ, ಹೆಜ್ಜೆ ಹೇಗೆ ಎಂದು ಬೆಳಗಿನವರೆಗೆ ಕೂತು ತೂಗಿದವನು. ಆದರೆ ರಂಗಸ್ಥಳದ ಅಭಿನಯ ಹಿಂದಿನ ಸಾಲಿಗೂ ಮುಟ್ಟಬೇಕು. ಕ್ಯಾಮೆರಾಕ್ಕೆ ಅಷ್ಟು ಬೇಡ, ರೆಪ್ಪೆ ಅಲುಗಿದರೂ ಕಾಣುತ್ತದೆ. ಅದನ್ನು ತಗ್ಗಿಸಿಕೊಳ್ಳುವುದು ಒಂದು ಕಲಿಕೆ, ಕರಾವಳಿಯ ರಾಗವನ್ನು ಬಿಟ್ಟು ಬೆಂಗಳೂರಿನ ಕನ್ನಡ ಆಡುವುದು ಇನ್ನೊಂದು.

ಸ್ಪರ್ಧೆಗೆ ಹೋಗಬೇಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಹೋಗುವ ಮುಂಚೆ ಮನೆಯವರು ಕೂತು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನೋಂದಣಿ, ಗ್ರೂಮಿಂಗ್, ಉಡುಪು ಎಂದು ಒಟ್ಟು ಎಷ್ಟು ಖರ್ಚು, ಅದರಲ್ಲಿ ಸಂಘಟಕರ ಜೇಬಿಗೆ ಹೋಗುವುದೆಷ್ಟು? ಭಾಗವಹಿಸಿದವರಿಗೆಲ್ಲ ಒಂದೊಂದು ಪಟ್ಟ ಹಂಚುವ ಸ್ಪರ್ಧೆಯೇ ಇದು, ಅಥವಾ ಮುಂದಿನ ಹಂತಕ್ಕೆ ನಿಜವಾಗಿ ಕಳುಹಿಸುವುದೇ? ಗೆದ್ದರೆ ಎಷ್ಟು ಕಾಲ ಅವರ ಒಪ್ಪಂದಕ್ಕೆ ಒಳಪಟ್ಟಿರಬೇಕು, ಆ ಅವಧಿಯಲ್ಲಿ ಬೇರೆ ಕೆಲಸ ಮಾಡಬಹುದೇ? ಧಾರಾವಾಹಿಯವರು ಕರೆದರೆ ತಿಂಗಳಿಗೆ ಕನಿಷ್ಠ ಎಷ್ಟು ದಿನದ ಕೆಲಸ, ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ, ಸೀರೆ ಒಡವೆ ಯಾರದು, ರಾತ್ರಿ ಶೂಟಿಂಗ್ ಮುಗಿದರೆ ರೂಮಿಗೆ ಬಿಡುವವರು ಯಾರು? ಇವಕ್ಕೆ ಉತ್ತರ ಕಾಗದದಲ್ಲಿ ಇರಬೇಕು, ಬಾಯಿಮಾತಿನಲ್ಲಲ್ಲ.

ಓದಿನ ಮಾತನ್ನೂ ಸೇರಿಸಲೇಬೇಕು. ಶ್ರೀನಿಧಿ, ಆಶಾ ಇಬ್ಬರೂ ಇಂಜಿನಿಯರಿಂಗ್ ಓದಿದವರು. ಮೂರು ವರ್ಷ ಕಾದರೂ ಕಂಗಾಲಾಗದಿರಲು ಡಿಗ್ರಿ ಒಂದು ಆಸರೆ. ಅದಿಲ್ಲದವಳು ಸಿಕ್ಕಿದ ಪಾತ್ರಕ್ಕೆಲ್ಲ ತಲೆಯಾಡಿಸಬೇಕಾಗುತ್ತದೆ. ಎರಿಕಾ ಓದನ್ನು ಬಿಟ್ಟೂ ಗೆದ್ದರಲ್ಲ ಎಂದರೆ, ಹೌದು, ಗೆದ್ದರು. ಅವರ ಮನೆ ಇದ್ದದ್ದು ಮುಂಬೈಯಲ್ಲಿ. ಸಿದ್ದಕಟ್ಟೆಯಿಂದ ಹೊರಡುವ ಹುಡುಗಿ ಬಿಎ ಮುಗಿಸಿಯೇ ಬಸ್ಸು ಹತ್ತುವುದು ಒಳ್ಳೆಯದು.